ಹಾಲನ್ನದ ಬೆಕ್ಕು

ಶಿಷ್ಯ ಕೇಳಿದ: "ಗುರುಗಳೇ, ಒಂದು ಸಂಗತಿ ಒಳ್ಳೆಯದೆಂದು ನನಗೆ ಖಚಿತವಾಗಿ ಗೊತ್ತು. ನನ್ನವರೊಬ್ಬರ ಹಿತಕ್ಕಾಗಿಯೇ ಅದನ್ನು ಅವರ ಮುಂದಿಡುತ್ತೇನೆ. ಅವರು ಒಲ್ಲೆ ಎನ್ನುತ್ತಾರೆ. ಅವರು ಒಪ್ಪುವ ತನಕ ನಾನು ಬಿಗಿ ಹಿಡಿದರೆ ಅದು ತಪ್ಪೇ?"

ಗುರುಗಳು, "ನೀನು ಹೇಳುವ ಸಂಗತಿ ಒಳ್ಳೆಯದೇ ಇರಬಹುದು. ಅದರ ಬಗ್ಗೆ ನನ್ನ ತಕರಾರಿಲ್ಲ. ಕೂತುಕೋ, ಒಂದು ಬೆಕ್ಕಿನ ಕತೆ ಹೇಳುತ್ತೇನೆ. ಬೆಕ್ಕಿನದೆಂದು ನಗಬೇಡ, ಕತೆ ನಗುವಂಥದ್ದಲ್ಲ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಒಂದು ಮಗ್ಗ, ಮಗ್ಗದ ಪಕ್ಕದಲ್ಲಿ ಒಂದು ಬೆಕ್ಕು, ಇಷ್ಟೇ ಅವನ ಸಂಸಾರ. ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ.

ನೇಕಾರರ ಮನೆಗೆ ಬೆಕ್ಕು ಬೇಕೇ ಬೇಕು. ನೂಲಿಗೆ ಅಕ್ಕಿಯ ಗಂಜಿ ಕುಡಿಸಿ ಒಣಗಿಸುತ್ತಾರೆ. ಆ ಗಂಜಿಯ ಆಸೆಗೆ ಇಲಿಗಳು ಬಂದು ನೂಲು ಕಡಿಯುತ್ತವೆ. ಈ ಬೆಕ್ಕನ್ನು ತಂದದ್ದೂ ಅದಕ್ಕಾಗಿಯೇ. ಆದರೆ ಹೆಂಡತಿ ಅದನ್ನು ಮುದ್ದು ಮಾಡಿ ಕೆಡಿಸಿದ್ದಳು. ಮೆತ್ತಗೆ ಬೆಂದ ಅನ್ನಕ್ಕೆ ಬೆಚ್ಚಗಿನ ಹಾಲು ಹಾಕಿ, ಹಿತ್ತಾಳೆಯ ಬಟ್ಟಲಲ್ಲಿ ಕಿವುಚಿ, ಬೆರಳ ತುದಿಯಿಂದ ತಿನ್ನಿಸುತ್ತಿದ್ದಳು. ಹಾಲು ತಣ್ಣಗಾದರೆ ಬೆಕ್ಕು ಮುಟ್ಟುತ್ತಿರಲಿಲ್ಲ. ಒಂದು ಅಗುಳು ಗಟ್ಟಿಯಾಗಿದ್ದರೂ ಬೇಡ. ಇಲಿ ಕಣ್ಣೆದುರಿಗೇ ಓಡಾಡಿದರೆ, ಅದು ತನಗೆ ಸಂಬಂಧಪಟ್ಟ ವಿಚಾರವಲ್ಲವೆಂದು ಮಗ್ಗುಲು ಬದಲಿಸಿ ಮಲಗುತ್ತಿತ್ತು. ಅದು ಮೂರು ತಲೆಮಾರಿನಿಂದ ಮಾಂಸ ಮುಟ್ಟದ ಮನೆ. "ನಮ್ಮ ಮನೆಯ ಬೆಕ್ಕಿಗೂ ಮಡಿ ಉಂಟು" ಎಂದು ಹೆಂಡತಿ ಬಂದವರಿಗೆಲ್ಲ ಹೇಳಿ ಹಿಗ್ಗುತ್ತಿದ್ದಳು.

ಅವಳು ಹೋದ ಮೇಲೆ ನೇಕಾರ ಅದೇ ಬಟ್ಟಲಲ್ಲಿ ಅದೇ ಹಾಲನ್ನ ಕಿವುಚಿ, ಅವಳಂತೆಯೇ ನೆಲಕ್ಕೆ ಕೂತು ತಿನ್ನಿಸಿದ. ಗಂಡಸೊಬ್ಬ ಬೆಕ್ಕಿಗೆ ತುತ್ತು ಕೊಡುವುದನ್ನು ಕಂಡು ಓಣಿಯವರು ನಕ್ಕರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಬಿಟ್ಟುಹೋದದ್ದರಲ್ಲಿ ಉಸಿರಾಡುವುದು ಅದೊಂದೇ ಆಗಿತ್ತು.

ವರ್ಷ ಕಳೆಯುವುದರೊಳಗೆ ಬೆಕ್ಕು ಸೊರಗಿತು. ಕೂದಲು ಉದುರಿತು. ಹಾಡುಹಗಲಿನಲ್ಲೇ ಕಂಬಕ್ಕೆ ಹಣೆ ಬಡಿದುಕೊಳ್ಳತೊಡಗಿತು. ನೇಕಾರ ಹೆದರಿ, ದನಕರುಗಳನ್ನು ನೋಡುವ ವೈದ್ಯನನ್ನು ಕರೆದು ತಂದ. ವೈದ್ಯ ಬೆಕ್ಕಿನ ಕಣ್ಣೆವೆ ಬಿಡಿಸಿ ನೋಡಿದ, ಒಸಡು ನೋಡಿದ, ಏನು ತಿನ್ನಿಸುತ್ತೀಯೆಂದು ಕೇಳಿದ. ನೇಕಾರ ಹಾಲನ್ನ ಎಂದ.

"ಇದು ಬೆಕ್ಕು ಕಣಯ್ಯ, ಸನ್ಯಾಸಿಯಲ್ಲ" ಎಂದ ವೈದ್ಯ. "ಹಸಿ ಮಾಂಸ ತಿಂದು ಬದುಕುವ ಜೀವ. ಅದು ಸಿಗದೆ ಕಣ್ಣು ಹೋಗುತ್ತಿದೆ, ಇನ್ನೂ ಪೂರ್ತಿ ಹೋಗಿಲ್ಲ. ಕುರಿ ಮಾಂಸ ತಂದು ಹಸಿಯಾಗಿಯೇ ಸಣ್ಣಗೆ ಕೊಚ್ಚು. ಹಾಲನ್ನದೊಳಗೆ ದಿನಕ್ಕೆ ಉಗುರಿನಷ್ಟು ಕಲಸು. ಅದಕ್ಕೆ ಗೊತ್ತೇ ಆಗಬಾರದು. ಎಂಟು ದಿನ ಬಿಟ್ಟು ಎರಡು ಉಗುರು. ತಿಂಗಳಾಗಲಿ, ಎರಡು ತಿಂಗಳಾಗಲಿ, ಅನ್ನ ಇಳಿಸುತ್ತಾ ಮಾಂಸ ಏರಿಸುತ್ತಾ ಹೋಗು. ಬಾಯಿ ಕೆಟ್ಟ ಬೆಕ್ಕು, ಅವಸರ ಮಾಡಬೇಡ."

ಆ ದಿನವೆಲ್ಲ ನೇಕಾರ ಮಗ್ಗದ ಮುಂದೆ ಕೂತಿದ್ದರೂ ಲಾಳಿ ಓಡಲಿಲ್ಲ. ಮನೆಗೆ ಮಾಂಸ ತರುವುದು ಅವನಿಗೆ ಸಣ್ಣ ಮಾತಾಗಿರಲಿಲ್ಲ. ಕುಲದವರು ಏನೆಂದಾರು? ಅವಳಿದ್ದಿದ್ದರೆ ಏನೆನ್ನುತ್ತಿದ್ದಳು? ಬೆಕ್ಕು ಮತ್ತೊಮ್ಮೆ ಕಂಬಕ್ಕೆ ತಾಗಿ ತಡವರಿಸಿ ನಿಂತಿತು. ಅದನ್ನು ಕಂಡು ಅವನು ಮನಸ್ಸು ಗಟ್ಟಿ ಮಾಡಿದ.

ಮಾರನೆಯ ಬೆಳಿಗ್ಗೆ ಕಟುಕನ ಅಂಗಡಿಯ ಮುಂದೆ ಹೋಗಿ ನಿಂತ. ಯಜಮಾನರು ದಾರಿ ತಪ್ಪಿ ಬಂದಿರಬೇಕೆಂದು ಅಲ್ಲಿದ್ದವರೊಬ್ಬರು ತಮಾಷೆ ಮಾಡಿದರು. ನೇಕಾರ ತಲೆಯೆತ್ತಲಿಲ್ಲ. ಮುತ್ತುಗದ ಎಲೆಯಲ್ಲಿ ಮಾಂಸ ಕಟ್ಟಿಸಿಕೊಂಡು, ಮೈಗೆ ತಾಗದ ಹಾಗೆ ಕೈ ಚಾಚಿ ಹಿಡಿದು, ಊರ ನಡುವೆಯೇ ಮನೆಗೆ ನಡೆದ. ಬೆಕ್ಕಿನ ಮೇಲೆ ಅವನಿಗೆ ಅಷ್ಟು ಪ್ರೀತಿಯಿತ್ತು. ಅದರಲ್ಲಿ ಸುಳ್ಳಿಲ್ಲ.

ಕುಂಬಾರನಿಂದ ಒಂದು ಹೊಸ ಕುಡಿಕೆ ತಂದು, ಮಾಂಸವನ್ನು ಅದಕ್ಕೆ ಹಾಕಿ ಹಿತ್ತಲಿನಲ್ಲಿಟ್ಟ. ಅಷ್ಟು ಮಾಡಿದ. ಹಾಲನ್ನದೊಳಗೆ ಕಲಸುವುದು ಮಾತ್ರ ಅವನ ಕೈಲಾಗಲಿಲ್ಲ. ಉಣ್ಣುವ ಅನ್ನಕ್ಕೆ ಮಾಂಸ ತಾಗಿಸುವುದೇ? ಅದೂ ಅವಳ ಬಟ್ಟಲಲ್ಲಿ? ಬಟ್ಟಲನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ದೇವರ ಗೂಡಿನ ಪಕ್ಕದಲ್ಲಿ ಬೋರಲು ಹಾಕಿಟ್ಟ. ಇವತ್ತಿನಿಂದ ಹಾಲನ್ನ ಬಂದ್, ಹಸಿವಾದರೆ ತಾನಾಗಿ ಹಿತ್ತಲಿಗೆ ಹೋಗುತ್ತದೆ ಎಂದುಕೊಂಡ.

ಬೆಕ್ಕು ಹಿತ್ತಲಿಗೆ ಹೋಯಿತು. ಕುಡಿಕೆಯನ್ನು ಮೂಸಿತು. ಮುಂಗಾಲಿನಿಂದ ಮಣ್ಣು ಕೆರೆದು ಅದನ್ನು ಮುಚ್ಚಲು ನೋಡಿತು. ಆಮೇಲೆ ಒಳಗೆ ಬಂದು, ದಿನಾ ಬಟ್ಟಲು ಇಡುತ್ತಿದ್ದ ಜಾಗದಲ್ಲಿ ಕೂತು ಕೂಗಿತು.

ನೇಕಾರನಿಗೆ ಸಿಟ್ಟು ಬಂತು. ನಿನಗಾಗಿ ಮಾನ ಬಿಟ್ಟೆ, ಕಟುಕನ ಬಾಗಿಲಿಗೆ ಹೋದೆ, ಇಷ್ಟು ಮಾಡಿದವನಿಗಾಗಿ ನೀನು ಒಂದು ಚೂರು ತಿನ್ನಲಾರೆಯಾ ಎಂದು ಅವನ ಮನಸ್ಸು ಕೇಳಿತು. ಯಾರಿಗಾಗಿಯಾದರೂ ನಾವು ದೊಡ್ಡದೊಂದನ್ನು ಬಿಟ್ಟುಕೊಟ್ಟರೆ, ಅವರು ಅವತ್ತೇ ಬದಲಾಗಬೇಕೆಂದು ಬಯಸುತ್ತೇವೆ. ಪಾಪ, ಬೆಕ್ಕಿಗೆ ಅವನು ಬಿಟ್ಟುಕೊಟ್ಟದ್ದು ಏನೆಂದೇ ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ತನ್ನ ಹಾಲನ್ನ ಬರಲಿಲ್ಲ ಎಂಬುದಷ್ಟೇ.

ಎರಡನೆಯ ದಿನ ಹೊಸ ಮಾಂಸ ತಂದಿಟ್ಟ. ಸಂಜೆ ನೊಣ ಮುತ್ತಿದ್ದನ್ನು ತೆಗೆದು ಚೆಲ್ಲಿದ. ಬೆಕ್ಕು ಬಂದು ಅವನ ಕಾಲಿಗೆ ಮೈ ತಿಕ್ಕಿತು. ಅವನ ಕೈ ಹಾಲಿನ ಚೆಂಬಿನ ತನಕ ಹೋಗಿ ಹಿಂದಕ್ಕೆ ಬಂತು. ಗಂಜಿ ಕುಡಿದ ನೂಲನ್ನು ಒಣಗುವ ತನಕ ಬಿಗಿಯಾಗಿ ಎಳೆದು ಕಟ್ಟಿರಬೇಕು. ನಡುವೆ ಸ್ವಲ್ಪ ಸಡಿಲ ಬಿಟ್ಟರೂ ಎಳೆಗೆ ಎಳೆ ಅಂಟಿ ಇಡೀ ನೂಲು ಹಾಳಾಗುತ್ತದೆ. ಇದು ಅವನ ಕಸುಬು ಅವನಿಗೆ ಕಲಿಸಿದ ಬುದ್ಧಿ. ಇದೂ ಹಾಗೆಯೇ, ಈಗ ಸಡಿಲ ಬಿಟ್ಟರೆ ಎಲ್ಲ ಕೆಟ್ಟಿತು ಎಂದು ತನಗೆ ತಾನೇ ಹೇಳಿಕೊಂಡ. ಅವಳ ಬಟ್ಟಲಿಗೆ ಮಾಂಸ ತಾಗಿಸಲಾರೆ ಎಂಬ ನಿಜವಾದ ಕಾರಣವನ್ನು ಮಾತ್ರ ತನಗೂ ಹೇಳಿಕೊಳ್ಳಲಿಲ್ಲ.

ಮೂರನೆಯ ದಿನ ಬೆಕ್ಕು ಕೂಗುವುದನ್ನು ನಿಲ್ಲಿಸಿತು. ಹಟ ಇಳಿಯುತ್ತಿದೆ ಎಂದುಕೊಂಡ. ನಾಲ್ಕನೆಯ ದಿನ ಅದು, ಅವನು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಗೆ ಇಳಿದು ಅವನ ಪಾದದ ಮೇಲೆ ಮಲಗಿತು. ತನ್ನ ಮೇಲಿನ ಸಿಟ್ಟು ಮರೆತು ಹತ್ತಿರ ಬಂತೆಂದು ಅವನಿಗೆ ಸಂತೋಷವಾಯಿತು. ಅದು ಅಲ್ಲಿಂದ ಮೇಲೆ ಹತ್ತಲಾರದೆ ಮಲಗಿದೆ ಎಂಬುದು ಹೊಳೆಯಲಿಲ್ಲ.

ಅವತ್ತು ನೂಲು ಕೆಚ್ಚುವ ಮುದುಕಿ ಮನೆಗೆ ಬಂದಿದ್ದಳು. ಮಗ್ಗದ ಮೇಲಿನ ಹಳೆಯ ಎಳೆಗಳು ಮುಗಿಯುವ ಮುಂಚೆ ಹೊಸ ಎಳೆಗಳನ್ನು ಒಂದೊಂದಾಗಿ ಅವುಗಳ ತುದಿಗೆ ಹೊಸೆದು ಕೂಡಿಸುವುದು ಅವಳ ಕೆಲಸ. ಸಾವಿರಾರು ಎಳೆ ಇರುತ್ತವೆ, ಎರಡು ದಿನ ಹಿಡಿಯುತ್ತದೆ. ಎಳೆ ಹೊಸೆಯುತ್ತಲೇ ಅವಳು ಬೆಕ್ಕಿನ ಕಡೆ ನೋಡಿದಳು.

"ಇದರ ಹೊಟ್ಟೆ ಬೆನ್ನಿಗೆ ಹತ್ತಿದೆಯಲ್ಲಣ್ಣ. ತಿಂದು ಎಷ್ಟು ದಿನವಾಯಿತು?"

"ಹಿತ್ತಲಲ್ಲಿ ಕುಡಿಕೆ ತುಂಬ ಇಟ್ಟಿದ್ದೇನೆ. ಇದಕ್ಕೇ ಕೊಬ್ಬು. ವೈದ್ಯರೇ ಹೇಳಿದ ಆಹಾರ ಅದು."

"ಕುಡಿಕೆ ತುಂಬಿದರೆ ಇದರ ಹೊಟ್ಟೆ ತುಂಬುತ್ತದಾ? ಅಕ್ಕ ಇದ್ದಿದ್ದರೆ ಹೀಗೆ ಬಿಡುತ್ತಿರಲಿಲ್ಲ. ಹಳೇದನ್ನು ಒಂದೇ ಸಲ ಕತ್ತರಿಸೋದಾಗಿದ್ದರೆ ನಾನು ಎರಡು ದಿನ ಇಲ್ಲಿ ಸೊಂಟ ಮುರಿದುಕೊಂಡು ಕೂರೋದು ಯಾಕಣ್ಣ?"

ಹೆಂಡತಿಯ ಹೆಸರೆತ್ತಿದ್ದು ಅವನಿಗೆ ಚುಚ್ಚಿತು. ನಿನ್ನ ಕೆಲಸ ನೀನು ನೋಡಿಕೋ ಎಂದ. ಮುದುಕಿ ಮುಂದಿನ ಎಳೆ ಎತ್ತಿಕೊಂಡಳು.

ಐದನೆಯ ದಿನ ಬೆಳಿಗ್ಗೆ ಅವನು ಕಟುಕನ ಅಂಗಡಿಯಿಂದ ಬಂದು ನೋಡಿದರೆ, ಬೆಕ್ಕಿನ ಕಿವಿಯ ಒಳಗೆಲ್ಲ ಅರಿಸಿನ ಬಳಿದ ಹಾಗೆ ಹಳದಿಯಾಗಿತ್ತು. ಅವನ ಬಿಗಿ ಅಲ್ಲಿಗೆ ಸಡಿಲವಾಯಿತು. ವೈದ್ಯನಿಗೆ ಹೇಳಿ ಕಳಿಸಿದ. ಹಾಲು ಕಾಸಿದ, ಅನ್ನ ಮಾಡಿದ. ದೇವರ ಗೂಡಿನ ಪಕ್ಕದಿಂದ ಬಟ್ಟಲನ್ನು ಎತ್ತಿಕೊಂಡ. ಉಗುರಿನಷ್ಟಲ್ಲ, ಒಂದು ಹಿಡಿ ಮಾಂಸವನ್ನು ಅವಳ ಬಟ್ಟಲಿಗೇ ಹಾಕಿ, ತನ್ನ ಬೆರಳುಗಳಿಂದಲೇ ಅನ್ನದ ಜೊತೆ ಕಿವುಚಿದ. ಮೊದಲ ದಿನ ಕೈಲಾಗದೆ ಹೋದದ್ದು ಈಗ ಇಷ್ಟು ಸುಲಭವಾಗಿ ಆಯಿತಲ್ಲ ಎಂದು ಅವನಿಗೆ ಎದೆ ಒಡೆಯುವಷ್ಟು ದುಃಖವಾಯಿತು.

ಬೆರಳನ್ನು ಬೆಕ್ಕಿನ ಬಾಯಿಯ ಹತ್ತಿರ ಹಿಡಿದ. ಅದು ಕಣ್ಣು ತೆರೆಯಿತು, ಬಾಯಿ ತೆರೆಯಲಿಲ್ಲ. ಮಾಂಸವಿಲ್ಲದ ಅನ್ನ ಹಿಡಿದ. ಬರೀ ಹಾಲು ಹನಿಸಿದ. ಹಾಲು ತುಟಿಯ ಅಂಚಿನಿಂದ ಇಳಿದು ನೆಲಕ್ಕೆ ಬಿತ್ತು. ಅವನು ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮತ್ತೆ ಹನಿಸಿದ, ಮತ್ತೆ ಒರೆಸಿದ.

ವೈದ್ಯ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬೆಕ್ಕು ತೀರಿಕೊಂಡಿತ್ತು. ವೈದ್ಯ ಹಿತ್ತಲಿನ ಕುಡಿಕೆಯನ್ನು ನೋಡಿ ಎಲ್ಲ ಅರ್ಥ ಮಾಡಿಕೊಂಡ.

"ಬೆಕ್ಕಿನ ಜಾತಿಯೇ ಹೀಗೆ" ಎಂದ. "ನಾಲ್ಕು ದಿನ ಹೊಟ್ಟೆ ಖಾಲಿ ಬಿದ್ದರೆ ಯಕೃತ್ತು ಕೆಟ್ಟು ಕಾಮಾಲೆಯಾಗುತ್ತದೆ. ಆಮೇಲೆ ಏನು ಕೊಟ್ಟರೂ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೇ ಉಗುರಿನಷ್ಟು ಎಂದಿದ್ದೆ."

ನೇಕಾರ ಕೇಳಿದ: "ನಾನು ಇಟ್ಟದ್ದು ತಪ್ಪು ಆಹಾರವೇ?"

"ಅಲ್ಲ. ಇಟ್ಟದ್ದು ಸರಿಯಾಗಿಯೇ ಇತ್ತು."

ತಪ್ಪು ಎಂದಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ಹಿತ್ತಲಿನಲ್ಲಿ ಗುಂಡಿ ತೋಡಿ ಬೆಕ್ಕನ್ನು ಹೂಳಿದ. ಹೆಂಡತಿ ಸತ್ತಾಗ ನಾಲ್ಕು ಜನರ ನಡುವೆ ಕೂತು ಅತ್ತಿದ್ದ, ಅವರು ಸಂತೈಸಿದ್ದರು. ಬೆಕ್ಕಿಗಾಗಿ ಯಾರ ಮುಂದೆ ಅಳುವುದು? ಬಾಗಿಲು ಹಾಕಿಕೊಂಡು ಒಬ್ಬನೇ ಅತ್ತ. ಅದರ ಪ್ರಾಣ ಉಳಿಸಲು ಮೂರು ತಲೆಮಾರಿನ ಮಡಿ ಬಿಟ್ಟವನು ಒಂದು ಬಟ್ಟಲು ಬಿಡದೆ ಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಹೇಳಿದ: "ಆ ನೇಕಾರ ವೈದ್ಯನ ಮಾತನ್ನು ಅರ್ಧ ಮಾತ್ರ ಕೇಳಿಸಿಕೊಂಡ, ಗುರುಗಳೇ. ಅದು ಅವನ ಅವಿವೇಕ. ನಾನು ಕೇಳಿದ್ದು ಬೆಕ್ಕಿನ ಮಾತಲ್ಲ, ಧರ್ಮದ ಮಾತು."

ಗುರುಗಳು ಹೇಳಿದರು: "ಅದಿರಲಿ, ನೀನು ಬಿಗಿ ಹಿಡಿದದ್ದಕ್ಕೆ ನಿನ್ನ ಮನೆಯಲ್ಲಿ ಉಣ್ಣದೆ ಕೂತಿರುವವರಿಗೆ ಇವತ್ತು ಎಷ್ಟನೆಯ ದಿನ?"