ಕೊಡವಿ ಬಂದ ಮಣ್ಣು

ಹೊಳೆದಂಡೆಯ ಆ ಆಶ್ರಮಕ್ಕೆ ಇನ್ನೂ ಎಳೇ ವಯಸ್ಸು. ಗೋಡೆಗೆ ಬಳಿದ ಸುಣ್ಣ ಪೂರ್ತಿ ಒಣಗಿರಲಿಲ್ಲ, ಅಲ್ಲಿದ್ದ ಹುಡುಗ ಹುಡುಗಿಯರು ಮಾತ್ರ ಆಗಲೇ ಒಣಗಿಹೋಗಿದ್ದರು.

ಅವರನ್ನು ಕಟ್ಟಿಕೊಂಡು ಬಂದವರು ಇನ್ನಾಸಪ್ಪ ಸ್ವಾಮಿಗಳು. ವಯಸ್ಸಾದ ಪಾದ್ರಿ. ಆರಾಮಾಗಿ ಜಪಸರ ಎಣಿಸಿಕೊಂಡು ಕೂರುವ ಕಾಲದಲ್ಲಿ, ಯೇಸುಸ್ವಾಮಿಯ ಶುಭಸಂದೇಶವನ್ನು ಮನೆ ಮನೆಗೆ ಮುಟ್ಟಿಸಬೇಕು ಅಂತ ಹೊರಟವರು. ಸುಮ್ಮನಿರಲಾರದ ಜೀವ ಅನ್ನಿ.

ಅಲ್ಲಿನ ಕಟ್ಟಳೆ ಕಡಿಮೆ, ಆದರೆ ಬಿಗಿ. ಊರಿಗೆ ಹೋಗುವಾಗ ಇಬ್ಬಿಬ್ಬರೇ ಹೋಗಬೇಕು. ಚೀಲವಿಲ್ಲ, ಬುತ್ತಿಯಿಲ್ಲ. ಚರ್ಚಿಗೆ ಬರುವುದನ್ನು ಬಿಟ್ಟವರ ಬಾಗಿಲು ತಟ್ಟಬೇಕು, ಕೊಟ್ಟಿದ್ದು ಉಣ್ಣಬೇಕು.

ಸಂಜೆ ಹಿಂದಿರುಗಿದವರ ಕಾಲನ್ನು ಆಶ್ರಮದಲ್ಲಿ ಉಳಿದವರು ಗೇಟಿನ ಹತ್ತಿರವೇ ತೊಳೆಯಬೇಕು. ಕಾಲು ತೊಳೆದ ಮೇಲೆಯೇ ಪ್ರಾರ್ಥನೆ, ಊಟ, ಒಳಗೆ ಬರುವುದು.

ಸಲೋಮಿ ಅಲ್ಲಿಗೆ ಬಂದ ಹೊಸದರಲ್ಲಿ ಹಾಡಿಕೊಂಡು ಹೋಗುತ್ತಿದ್ದಳು. ಈಗ ಹಿಮ್ಮಡಿ ಒಡೆದಿತ್ತು, ಗಂಟಲು ಕಟ್ಟಿತ್ತು. ಅವಳು ಬಾಯಿ ತೆರೆದರೆ ಸಾಕು, ಜನ ಟೀವಿ ಸದ್ದು ಜೋರು ಮಾಡುತ್ತಿದ್ದರು. ದಣಿದವರನ್ನೆಲ್ಲ ಯೇಸುಸ್ವಾಮಿ ತನ್ನ ಹತ್ತಿರ ಕರೆಯುತ್ತಾನೆ, ಬನ್ನಿ, ಅಂತ ಪ್ರತಿ ಬಾಗಿಲಲ್ಲೂ ಅದೇ ಮಾತು ಹೇಳಿ ಹೇಳಿ, ಅವಳ ದನಿ ಅವಳಿಗೇ ಬಸ್ ಸ್ಟ್ಯಾಂಡಿನ ಮೈಕಿನ ಹಾಗೆ ಕೇಳುತ್ತಿತ್ತು.

ಒಬ್ಬರಾದರೂ ಬಂದರಾ? ಎಲ್ಲಿ ಬಂದರು!

ಆವತ್ತು ಸಂಜೆ ಕಾಲು ತೊಳೆಯುವ ಸರದಿ ಸ್ವಾಮಿಗಳದ್ದೇ. ಸೊಂಟ ಹಿಡಿದುಕೊಂಡು, ಉಸ್ಸಪ್ಪಾ ಅಂತ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಹೊಳೆನೀರಿನ ಬಿಂದಿಗೆ.

ಸಲೋಮಿಯ ಜೊತೆಗೆ ಹೋಗಿದ್ದ ಸಹಾಯಮೇರಿ ಮೊದಲು ಕಾಲು ಚಾಚಿದಳು. ತೊಳೆದರು. ಅವಳು ಒಳಗೆ ಹೋದಳು.

ಸಲೋಮಿ ಕಾಲು ಚಾಚಿದಳು.

"ಎಲ್ಲಿಗೆ ಹೋಗಿದ್ದಿರಿ?"

"ಕೆರೆಕೋಡಿ ಪಾಳ್ಯಕ್ಕೆ, ಸ್ವಾಮಿ."

"ಏನಾಯ್ತು?"

"ಏನಾಗಬೇಕು? ಎಲ್ಲಾ ಮನೇಲೂ ಆಮೇಲೆ ಬನ್ನಿ ಅಂದರು. ಕೊನೇ ಮನೇಲಿ ಜ್ಞಾನಮ್ಮ ಅಂತ ಒಬ್ಬಳು, ಮೊದಲು ಚರ್ಚಲ್ಲಿ ಹಾಡ್ತಿದ್ದಳಂತೆ. ನನ್ನ ಮಾತು ಮುಗಿಯೋಕೂ ಬಿಡಲಿಲ್ಲ. 'ನಾನು ಬರೋದಾ? ನನಗೆ ಬರೋಕೆ ಪುರುಸೊತ್ತೆಲ್ಲಿದೆ? ಬೇಕಾದರೆ ನಿಮ್ಮ ಸ್ವಾಮೀನೇ ಬರಲಿ' ಅಂತ ನಕ್ಕಳು. ನಕ್ಕುಬಿಟ್ಟಳು ಸ್ವಾಮಿ!"

"ಆಮೇಲೆ?"

"ಹೊಸ್ತಿಲಲ್ಲೇ ಕಾಲಿನ ಮಣ್ಣು ಕೊಡವಿ ಬಂದೆ."

ಸ್ವಾಮಿಗಳ ಕೈ ಬಿಂದಿಗೆಯ ಮೇಲೆಯೇ ನಿಂತಿತು.

ಯಾರು ನಿಮ್ಮನ್ನು ಸೇರಿಸಿಕೊಳ್ಳುವುದಿಲ್ಲವೋ ಅವರ ಮಣ್ಣನ್ನು ಕಾಲಿಂದ ಕೊಡವಿ ಹೊರಡಿ ಅಂತ ಯೇಸುಸ್ವಾಮಿ ತನ್ನ ಶಿಷ್ಯರಿಗೆ ಹೇಳಿದ್ದನಲ್ಲ, ಅದು. ಆಶ್ರಮದ ಹುಡುಗರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಬೈದವರಿಗೆ ವಾಪಸ್ ಬೈಯುವ ಹಾಗಿಲ್ಲ, ಇದೊಂದಾದರೂ ಇರಲಿ ಅಂತ.

"ನೀರು ಕೇಳಿದ್ದೆಯಾ?"

"ಕೇಳಿದ್ದೆ."

"ಕೊಟ್ಟಳಾ?"

"ಕೊಟ್ಟಳು. ಚೊಂಬಿನ ತುಂಬ ಕೊಟ್ಟಳು."

"ಕುಡಿದೆಯಾ?"

"ಕುಡಿದೆ."

"ಕುಡಿದ ಮೇಲೆ ಕೊಡವಿದೆಯೋ, ಕುಡಿಯೋಕೆ ಮುಂಚೆ ಕೊಡವಿದೆಯೋ?"

ಸಲೋಮಿಯ ಕಿವಿ ಬಿಸಿಯಾಯಿತು.

"ಆ ಮನೇಲಿ ಇನ್ಯಾರಿದ್ದರು?"

"ನೋಡಲಿಲ್ಲ ಸ್ವಾಮಿ."

ಇನ್ನಾಸಪ್ಪ ಸ್ವಾಮಿಗಳು ಅವಳ ಕಾಲನ್ನು ಮೆಲ್ಲಗೆ ಕೆಳಗಿಟ್ಟರು. ನೀರು ಹಾಕಲಿಲ್ಲ.

"ಇದನ್ನ ನಾನು ತೊಳೆಯೋಕಾಗಲ್ಲ ಕಣಮ್ಮ."

"ಯಾಕೆ ಸ್ವಾಮಿ?"

"ಇದರ ಮಣ್ಣು ಅಲ್ಲೇ ಉಳಿದಿದೆ. ನಾಳೆ ಹೋಗಿ ತಗೊಂಡು ಬಾ. ಆಮೇಲೆ ತೊಳೀತೀನಿ."

"ಸಹಾಯಮೇರಿಗೂ ಜೊತೆಗೆ ಬಾ ಅಂತ ಹೇಳ್ಲಾ?"

"ಬೇಡ. ಶುಭಸಂದೇಶ ಸಾರೋದಕ್ಕೆ ಇಬ್ಬರು ಬೇಕು. ತಪ್ಪು ತಿದ್ದಿಕೊಳ್ಳೋದಕ್ಕೆ ಒಬ್ಬಳು ಸಾಕು."

ಸ್ವಾಮಿಗಳು ಗೋಡೆ ಹಿಡಿದು ಎದ್ದು ಒಳಗೆ ಹೋದರು.

ಸಲೋಮಿಗೆ ಉರಿದುಹೋಯಿತು. ಇಷ್ಟು ದಿನ ನಡೆದು ಸವೆದ ಕಾಲಿಗೆ ಒಂದು ಚೊಂಬು ನೀರಿಲ್ಲವೇ? ಸಹಾಯಮೇರಿ ತಟ್ಟೆಯನ್ನು ಜಗಲಿಗೇ ತಂದುಕೊಟ್ಟಳು. ಚಾಪೆಯನ್ನೂ ಅಲ್ಲಿಗೇ ತಂದಳು. ಒಳಗೆ ಎಲ್ಲರೂ ಸಂಜೆಯ ಪ್ರಾರ್ಥನೆ ಹಾಡುತ್ತಿದ್ದರೆ ಇವಳು ಹೊರಗೆ ಮಣ್ಣುಗಾಲು ನೋಡುತ್ತಾ ಕೂತಿದ್ದಳು.

"ನನ್ನ ಬಟ್ಟೆ ಕಟ್ಟಿಡು ಮೇರಿ," ಅಂದಳು. "ನಾಳೆ ಆ ಮಣ್ಣೊಂದು ತಂದು ಅವರ ಮುಂದೆ ಸುರಿದು, ನಾನು ನಮ್ಮೂರಿಗೆ ಹೋಗಿಬಿಡ್ತೀನಿ. ನನ್ನ ಕೈಲಿ ಇನ್ನಾಗಲ್ಲ."

ಸಹಾಯಮೇರಿ ಅತ್ತಳು. ಆದರೂ ಕಟ್ಟಿಟ್ಟಳು.

ಬೆಳಿಗ್ಗೆ ಸಲೋಮಿ ಒಬ್ಬಳೇ ಹೊರಟಳು. ಬಿಸಿಲು ಏರುವ ಹೊತ್ತಿಗೆ ಕೆರೆಕೋಡಿ ಪಾಳ್ಯ ಸೇರಿದಳು.

ಜ್ಞಾನಮ್ಮ ಬಾಗಿಲಲ್ಲೇ ಇದ್ದಳು. ತಲೆ ಬಾಚಿರಲಿಲ್ಲ. ಕಣ್ಣು ಕೆಂಪಾಗಿತ್ತು. ಸಲೋಮಿಯನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಮತ್ತೆ ಬಂದ್ಯಾ ತಾಯಿ? ಕೊಡವೋಕೆ ಇನ್ನೇನು ಉಳಿದದೆ?"

"ಕೊಡವೋಕಲ್ಲ ಅಕ್ಕ. ನಿನ್ನೆ ಕೊಡವಿದ್ದನ್ನ ತಗೊಂಡು ಹೋಗೋಕೆ ಬಂದೆ."

"ಏನು?"

"ಮಣ್ಣು."

ಜ್ಞಾನಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ನಗುತ್ತಾಳೆ ಅಂತ ಸಲೋಮಿ ಹಲ್ಲು ಕಚ್ಚಿ ನಿಂತಳು. ಜ್ಞಾನಮ್ಮ ನಗಲಿಲ್ಲ.

"ನೀನು ಮಾಡಿದ್ದು ಏನು ಅಂತ್ಲೂ ನಂಗೆ ಗೊತ್ತಾಗ್ಲಿಲ್ಲ ಕಣೆ. ಚಪ್ಪಲೀಲಿ ಕಲ್ಲು ಸಿಕ್ಕೊಂಡಿರ್ಬೇಕು ಅಂದ್ಕೊಂಡೆ. ಒಳಗಿರೋ ಮುದುಕಿಗೆ ಗೊತ್ತಾಗೋಯ್ತು."

"ಯಾವ ಮುದುಕಿ?"

"ನಮ್ಮತ್ತೆ. ಅಂತೋಣಮ್ಮ. ಬಾ, ನೋಡು ಬಾ. ನಿನ್ನ ಪುಣ್ಯಾನ ನೋಡು."

ಬಾಗಿಲಿಗೆ ನೇರವಾಗಿ ಒಂದು ಮಂಚ. ಅದರ ಮೇಲೆ ಒಂದು ಹಿಡಿಯಷ್ಟು ಮುದುಕಿ, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಪಕ್ಕದ ಸ್ಟೂಲಿನ ಮೇಲೆ ಗಂಜಿ ಕೆನೆಗಟ್ಟಿತ್ತು.

"ಎದ್ದು ಕೂತು ಎಷ್ಟೋ ವರ್ಷ ಆಯ್ತು," ಅಂದಳು ಜ್ಞಾನಮ್ಮ. "ಮೊದಲು ಪಾಳ್ಯದ ಮಕ್ಕಳಿಗೆಲ್ಲ ಜಪ ಕಲಿಸ್ತಿದ್ದೋಳು ಇವಳೇ. ನಿನ್ನೆ ನೀವು ಬಂದ ಸದ್ದು ಕೇಳಿ ಕಣ್ಣು ಅರಳಿಸ್ಕೊಂಡು ಬಾಗಿಲನ್ನೇ ನೋಡ್ತಿದ್ಲು. ಒಳಗೆ ಕರೀ, ಒಳಗೆ ಕರೀ ಅಂತಿದ್ಲು. ನೀನು ಕಾಲು ಕೊಡವಿದೆ. ಆಗ ಗೋಡೆ ಕಡೆ ತಿರುಗಿದೋಳು ಇನ್ನೂ ಈ ಕಡೆ ತಿರುಗಿಲ್ಲ. ದೇವರು ನಮ್ಮನೆ ಬಿಟ್ಟು ಹೋದ ಅಂತಾಳೆ. ಗುಟುಕು ಗಂಜಿ ಇಳಿದಿಲ್ಲ. ರಾತ್ರಿಯೆಲ್ಲ ಅಳೋದೇ. ನಾನೂ ಕಣ್ಣು ಮುಚ್ಚಿಲ್ಲ."

ಅಯ್ಯೋ ದೇವರೇ ಅನ್ನಿಸಿತು ಸಲೋಮಿಗೆ. ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಅಜ್ಜಿ."

ಮುದುಕಿ ಅಲುಗಲಿಲ್ಲ.

"ಅಜ್ಜಿ, ನಿನ್ನೆ ಬಂದಿದ್ದೋಳು ನಾನೇ."

"ಗೊತ್ತು," ಅಂತು ಗೋಡೆ ಕಡೆಯಿಂದ ಒಂದು ಸಣ್ಣ ದನಿ. "ದನಿ ಗುರುತು ಹತ್ತಿತು."

"ಮಣ್ಣು ವಾಪಸ್ ತಗೊಂಡು ಹೋಗ್ತೀನಿ ಅಜ್ಜಿ."

"ಬ್ಯಾಡ ಅಂತ ಬಿಟ್ಟೋದ ಮಣ್ಣು ಈಗ್ಯಾಕೆ?"

ಸಲೋಮಿಗೆ ಹೇಳಲು ಬೇಕಾದಷ್ಟು ಮಾತು ಬರುತ್ತಿತ್ತು. ದೇವರ ದಯೆಯ ಮೇಲೆ, ಕ್ಷಮೆಯ ಮೇಲೆ ಗಂಟೆಗಟ್ಟಲೆ ಹೇಳಬಲ್ಲವಳು. ಆ ಹೊತ್ತಿಗೆ ಒಂದೂ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಅದಿಲ್ಲದೆ ನನ್ನನ್ನ ಒಳಗೆ ಬಿಟ್ಕೊಳಲ್ಲ ಅಜ್ಜಿ. ನಮ್ಮ ಸ್ವಾಮಿಗಳು ಕಾಲು ತೊಳೀಲಿಲ್ಲ. ರಾತ್ರಿಯೆಲ್ಲ ಜಗಲಿ ಮೇಲೇ ಇದ್ದೆ. ಊಟಾನೂ ಅಲ್ಲೇ."

ಆಮೇಲೆ ಮಂಚ ಕಿರ್ ಅಂತು. ಮುದುಕಿ ಕಷ್ಟಪಟ್ಟು ಈ ಕಡೆ ತಿರುಗಿದಳು.

"ಅಯ್ಯೋ ಮಗಾ. ಹಂಗಾದ್ರೆ ನೀನೂ ಆಚೆಗೇ ಬಿದ್ದಿದ್ದೀಯಾ?"

"ಹೂಂ ಅಜ್ಜಿ."

"ನಮ್ಮನೆ ಮಣ್ಣು ತಗೊಂಡೋದ್ರೆ ಒಳಗೆ ಸೇರಿಸ್ಕತಾರಾ?"

"ಸೇರಿಸ್ಕೋತೀನಿ ಅಂದಿದ್ದಾರೆ."

ಮುದುಕಿ ಸೊಸೆಯ ಕಡೆ ನೋಡಿದಳು. "ಏ ಜ್ಞಾನಾ, ಈ ಹುಡುಗಿಗೆ ಮಣ್ಣು ಕೊಡೇ."

ಜ್ಞಾನಮ್ಮ ಗಟ್ಟಿ ಹೆಂಗಸು. ಗಂಜಿಯ ಲೋಟ ಎತ್ತಿಕೊಂಡಳು.

"ನೀನು ಇದನ್ನ ಕುಡಿ. ಆಮೇಲೆ ಕೊಡ್ತೀನಿ."

"ಪಾಪ, ಹುಡುಗಿ ಕಾಯ್ತದೆ ಕಣೆ."

"ಕಾಯ್ಲಿ. ಬೇಗ ಕುಡಿದ್ರೆ ಬೇಗ ಹೋಗ್ತಾಳೆ."

ಸಲೋಮಿ ಕೈ ಚಾಚಿ ಲೋಟ ತೆಗೆದುಕೊಂಡಳು. ಚಮಚದಲ್ಲಿ ಒಂದೊಂದೇ ಗುಟುಕು ಹಾಕಿದಳು. ಮುದುಕಿ ಕುಡಿದಳು. ಗಲ್ಲದ ಮೇಲೆ ಇಳಿದಿದ್ದನ್ನು ಸಲೋಮಿ ತನ್ನ ದುಪಟ್ಟಾದಲ್ಲಿ ಒರೆಸಿದಳು. ಮತ್ತೆ ಹಾಕಿದಳು. ಇದಕ್ಕೆ ಬಹಳ ಹೊತ್ತು ಹಿಡಿಯಿತು.

ಲೋಟ ಖಾಲಿಯಾದ ಮೇಲೆ ತಿರುಗಿ ನೋಡಿದರೆ ಜ್ಞಾನಮ್ಮ ಗೋಡೆಗೆ ಒರಗಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದಳು.

"ಎಬ್ಬಿಸಬ್ಯಾಡ," ಅಂದಳು ಮುದುಕಿ ಪಿಸುದನಿಯಲ್ಲಿ. "ಅವಳು ಹಗಲೊತ್ತು ಮಲಗಿದ್ದನ್ನ ನಾನು ನೋಡೇ ಇಲ್ಲ. ಅವಳು ಚರ್ಚಿಗೆ ಬರ್ತಿಲ್ಲ ಅಂತ ಬೈಬ್ಯಾಡ ಮಗಾ. ನನ್ನ ಯಾರು ನೋಡ್ಕತಾರೆ?"

ಸಲೋಮಿ ಲೋಟ ಕೆಳಗಿಟ್ಟಳು.

"ಇಲ್ಲ ಅಜ್ಜಿ. ನೀವೂ ಮಲಗಿ. ನಾನಿದ್ದೀನಿ."

ಮುದುಕಿಯನ್ನು ಮಗ್ಗುಲು ಬದಲಿಸಿ ಮಲಗಿಸಿದಳು. ಹೊದಿಕೆ ಸರಿಮಾಡಿದಳು. ಬೀಸಣಿಗೆ ಹಿಡಿದು ಕೂತಳು. ದಣಿದವರನ್ನು ಕರೆಯುವ ಆ ಮಾತು ಒಂದು ಸಲ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಕೇಳುವವರು ಇಬ್ಬರೂ ಮಲಗಿದ್ದರು. ಅವಳಿಗೂ ಹಿಂದಿನ ರಾತ್ರಿಯೆಲ್ಲ ನಿದ್ದೆಯಿರಲಿಲ್ಲ. ಬೀಸಣಿಗೆ ಯಾವಾಗ ಕೈಜಾರಿತೋ ಗೊತ್ತಿಲ್ಲ, ಮಂಚದ ಅಂಚಿಗೆ ತಲೆಯಿಟ್ಟು ಅವಳೂ ನಿದ್ದೆಹೋದಳು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಜ್ಞಾನಮ್ಮ ಮುಖ ತೊಳೆದು ಬಂದು ಹೊಸ್ತಿಲಲ್ಲಿ ಬಗ್ಗಿದಳು. "ನೀನು ಕೊಡವಿದ್ದನ್ನ ನಿನ್ನೇನೇ ಗುಡಿಸಿ ತಿಪ್ಪೆಗೆ ಹಾಕ್ದೆ. ಇದೂ ನಮ್ಮನೇದೇ, ತಗೋ," ಅಂತ ಒಂದು ಚಿಟಿಕೆ ಮಣ್ಣು ಕೊಟ್ಟಳು. ಸಲೋಮಿ ದುಪಟ್ಟಾದ ತುದಿಯಲ್ಲಿ ಕಟ್ಟಿಕೊಂಡಳು.

"ನೀರು ಕುಡೀತೀಯಾ?"

"ಕೊಡಕ್ಕ."

ಈ ಸಲ ಪೂರ್ತಿ ಕುಡಿದು, ಚೊಂಬು ಕೈಗೆ ಕೊಟ್ಟು, ಮೆಲ್ಲಗೆ ಹೆಜ್ಜೆಯಿಟ್ಟು ಹೊರಟಳು.

ಇನ್ನಾಸಪ್ಪ ಸ್ವಾಮಿಗಳು ಗೇಟಿನ ಪಕ್ಕದ ಕಲ್ಲಿನ ಮೇಲೆಯೇ ಇದ್ದರು. ಕೂತಲ್ಲೇ ತೂಕಡಿಸುತ್ತಿದ್ದರು. ಅವಳ ಕಾಲಿನ ಸರಪರ ಸದ್ದು ಕೇಳಿ ಕಣ್ಣು ಬಿಟ್ಟರು.

"ತಂದೆಯಾ?"

"ತಂದೆ, ಸ್ವಾಮಿ."

"ಕಾಲು ಚಾಚು."

ಅವಳು ಚಾಚಿದಳು. ಸ್ವಾಮಿಗಳು ನೀರು ಹಾಕಿ, ಒಡೆದ ಹಿಮ್ಮಡಿಯನ್ನು ನೋವಾಗದ ಹಾಗೆ ಉಜ್ಜಿದರು. ಸಲೋಮಿಗೆ ಅಳು ತಡೆಯಲಾಗಲಿಲ್ಲ.

"ಸ್ವಾಮಿ, ಆ ಮನೇಲಿ ಒಬ್ಬರು ಅಜ್ಜಿ ಇದ್ದರು. ನಾನು ಕೊಡವಿದ್ದು ನೋಡಿ, ದೇವರೇ ಬಿಟ್ಟುಹೋದ ಅಂತ ಊಟ ಬಿಟ್ಟಿದ್ದರು."

"ಈಗ?"

"ಗಂಜಿ ಕುಡಿದರು."

"ನೀನೇನು ಹೇಳಿದೆ?"

"ಏನೂ ಹೇಳಲಿಲ್ಲ. ಶುಭಸಂದೇಶದ ಒಂದು ಮಾತೂ ಆಡಲಿಲ್ಲ. ಅಜ್ಜಿ ಮಲಗಿದರು, ಸೊಸೆ ಮಲಗಿದಳು. ನಾನೂ ಅಲ್ಲೇ ನಿದ್ದೆ ಮಾಡಿಬಿಟ್ಟೆ ಸ್ವಾಮಿ. ಸಾರೋಕೆ ಅಂತ ಹೋಗ್ತಿದ್ದ ಊರಲ್ಲಿ ಮಲಗಿ ಎದ್ದು ಬಂದೆ."

ಸ್ವಾಮಿಗಳು ತಮ್ಮ ಹೆಗಲ ಮೇಲಿನ ಟವೆಲಿನಿಂದ ಅವಳ ಕಾಲು ಒರೆಸಿದರು. ಜಗಲಿಯ ಮೂಲೆಯಲ್ಲಿ ಸಹಾಯಮೇರಿ ಕಟ್ಟಿಟ್ಟಿದ್ದ ಬಟ್ಟೆಯ ಗಂಟು ಇತ್ತು. ಅದರ ಕಡೆ ಒಮ್ಮೆ ನೋಡಿದರು.

"ಊರಿಗೆ ಹೋಗ್ತೀಯಂತೆ."

"ಗೊತ್ತಿಲ್ಲ ಸ್ವಾಮಿ. ತುಂಬಾ ಸುಸ್ತಾಗಿದೆ."

"ನನಗೂ ಕಣಮ್ಮ."

ಒಳಗೆ ಪ್ರಾರ್ಥನೆಯ ಗಂಟೆ ಹೊಡೆಯಿತು. ಸಲೋಮಿ ದುಪಟ್ಟಾದ ಗಂಟು ಬಿಚ್ಚಿ, ಆ ಚಿಟಿಕೆ ಮಣ್ಣನ್ನು ಅವರ ಮುಂದೆ ಹಿಡಿದಳು.

"ಇದನ್ನ ಎಲ್ಲಿ ಹಾಕಲಿ ಸ್ವಾಮಿ?"

ಸ್ವಾಮಿಗಳು ಅದನ್ನು ಮುಟ್ಟಲಿಲ್ಲ. ಗೋಡೆ ಹಿಡಿದು ಮೆಲ್ಲಗೆ ಎದ್ದರು.

"ಇನ್ನೊಬ್ಬರ ಮನೆ ಮಣ್ಣು ನಾವು ಇಟ್ಟುಕೊಳ್ಳಬಾರದು ಕಣಮ್ಮ. ನಾಳೆ ಹೋಗಿ ಕೊಟ್ಟು ಬಾ."