ಬೇರು ತೊಳೆದು ತಂದವನು

ಶಿಷ್ಯ ಮರುಳಯ್ಯ ಕೇಳಿದ: “ಬುದ್ಧಿ, ಹನ್ನೆರಡು ವರ್ಷ ತಮ್ಮ ಪಾದದ ಬಳಿ ಕೂತು ಕಲಿತೆ. ಸತ್ತವರಿಗಾಗಿ ಅಳಬೇಡಿ ಎಂದು ಊರೂರಿಗೆ ಹೇಳಿ ಬಂದೆ. ಮೊನ್ನೆ ಅಕ್ಕ ತೀರಿಕೊಂಡಾಗ ಏನೂ ಕಲಿಯದವನ ಹಾಗೆ ನೆಲದ ಮೇಲೆ ಹೊರಳಾಡಿ ಅತ್ತೆ. ಕಲಿತದ್ದು ನನ್ನಲ್ಲಿ ಬೇರೂರಿಲ್ಲ. ಮಠ ಬಿಟ್ಟು ಹೋಗಲೇ?”

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಗುಡ್ಡದ ಮೇಲಿನ ಊರಿನಲ್ಲಿ ಒಬ್ಬ ರೈತನಿದ್ದ. ಅವನ ತಾಯಿಗೆ ಹಲ್ಲೆಲ್ಲ ಉದುರಿಹೋಗಿದ್ದವು. ಬೆಣ್ಣೆಹಣ್ಣನ್ನು ಬೆಲ್ಲದ ಜೊತೆ ಕಿವುಚಿ ಕೊಟ್ಟರೆ ಅವಳಿಗೆ ಬಲು ಇಷ್ಟ. ತನ್ನ ಹಿತ್ತಲಿನ ಹಣ್ಣನ್ನೇ ಅವಳಿಗೆ ತಿನ್ನಿಸಬೇಕೆಂದು ಮಗನಿಗೆ ಆಸೆ. ಆದರೆ ಅಲ್ಲಿಯ ಚಳಿಗೆ ಆ ಗಿಡ ನಿಲ್ಲುತ್ತಿರಲಿಲ್ಲ.

ಅವನು ಎರಡು ದಿನ ನಡೆದು, ಕಸಿ ಕಟ್ಟುವುದರಲ್ಲಿ ಹೆಸರಾದ ಒಬ್ಬ ಹೆಂಗಸಿನ ಬಳಿ ಹೋದ. ಚಳಿಗೆ ಜಗ್ಗದ ಒರಟು ತಳಿಯ ಬುಡಕ್ಕೆ ಒಳ್ಳೆಯ ಹಣ್ಣಿನ ಕಡ್ಡಿ ಕಟ್ಟಿದ ಸಸಿಯನ್ನು ಅವಳು ಕೊಟ್ಟಳು. ಇದರ ಬೇರು ಚಳಿ ತಡೆಯುತ್ತದೆ ಎಂದಳು. ಮೇಲಿನ ಭಾಗಕ್ಕೆ ಚಳಿಗಾಲದಲ್ಲಿ ಗೋಣಿ ಹೊದಿಸು ಎಂದೂ ಹೇಳಿದಳು. ರೈತ ಮೊದಲ ಮಾತನ್ನು ಕೇಳಿಸಿಕೊಂಡ. ಎರಡನೆಯದು ಬರುವ ಹೊತ್ತಿಗೆ ಮಹಾರಾಯನ ಮನಸ್ಸು ಆಗಲೇ ಹಣ್ಣು ಕಿವುಚುತ್ತಿತ್ತು.

ಎರಡು ವರ್ಷ ಚಳಿ ಹಗುರವಾಗಿತ್ತು. ಗಿಡ ಎದೆಯೆತ್ತರ ಬಂತು. ಮೂರನೆಯ ವರ್ಷ ಒಂದು ಬೆಳಗ್ಗೆ ಎದ್ದು ನೋಡಿದರೆ ಹುಲ್ಲಿನ ಮೇಲೆಲ್ಲ ಮಂಜು ಉಪ್ಪು ಚೆಲ್ಲಿದಂತೆ ಗಟ್ಟಿಯಾಗಿ ಕೂತಿತ್ತು. ವಾರದೊಳಗೆ ಗಿಡದ ಎಲೆ, ಕೊಂಬೆ ಎಲ್ಲ ಕಪ್ಪಾದವು. ರೈತನಿಗೆ ಅಳು ಬಂತು. ಅಳುವುದಕ್ಕೆ ನಾಚಿ ಸಿಟ್ಟು ಮಾಡಿಕೊಂಡ. ಗಿಡವನ್ನು ಬುಡಸಮೇತ ಕಿತ್ತ. ಬೇರಿನ ಮೋಸ ಚೆನ್ನಾಗಿ ಕಾಣಲಿ ಎಂದು ಮಣ್ಣನ್ನೆಲ್ಲ ತೊಳೆದ. ಹೆಗಲ ಮೇಲೆ ಹೊತ್ತು, ಎರಡು ದಿನ ಬಿಸಿಲಲ್ಲಿ ನಡೆದು, ಆ ಹೆಂಗಸಿನ ಮುಂದೆ ಇಳಿಸಿದ.

“ಬೇರು ಚಳಿ ತಡೀತದೆ ಅಂದೆಯಲ್ಲಮ್ಮ, ನೋಡು” ಎಂದ.

ಅವಳು ಬೈಯಲಿಲ್ಲ. ಕಸಿಯ ಗಂಟಿನ ಕೆಳಗೆ ಉಗುರಿನಿಂದ ತೊಗಟೆ ಕೆರೆದಳು. ಒಳಗೆ ಇನ್ನೂ ಹಸಿರಿತ್ತು. ಬೇರು ಮಾತ್ರ ಒಣಗಿ ದಾರದಂತಾಗಿತ್ತು.

“ಚಳಿಗೆ ಹೋಗಿದ್ದು ಮೇಲಿಂದು ಕಣಪ್ಪ. ಬೇರು ತಡೆದಿತ್ತು. ಬೇಸಿಗೆಗೆ ಬುಡದಿಂದ ಚಿಗುರು ಬರೋದು, ನಾನೇ ಬಂದು ಇನ್ನೊಂದು ಸಲ ಕಸಿ ಕಟ್ಟಿಕೊಡ್ತಿದ್ದೆ. ಇದು ಸತ್ತಿದ್ದು ನೀನು ಕಿತ್ತು ತಂದಿದ್ದಕ್ಕೆ” ಎಂದಳು.

ರೈತ ಗಿಡವನ್ನು ಮಡಿಲಲ್ಲಿ ಇಟ್ಟುಕೊಂಡು ಅಲ್ಲಿಯೇ ಕೂತುಬಿಟ್ಟ.

ಕತೆ ಅಲ್ಲಿಗೆ ನಿಂತಿತು. ಗುರುಗಳು ಮರುಳಯ್ಯನ ಬೆನ್ನು ಸವರಿ ಹೇಳಿದರು:

“ಕೀಳುವ ಮೊದಲು ಕೇಳಲು ಬಂದೆಯಲ್ಲ ಮಗು, ಬೇರಿಗೆ ಏನೂ ಆಗಿಲ್ಲ, ಅಕ್ಕನಿಗಾಗಿ ಇನ್ನಷ್ಟು ಅತ್ತುಕೋ.”