ಬೆಟ್ಟಸ್ವಾಮಿ ನಾಲ್ಕು ಭಾನುವಾರ ವಿಮೆಯ ಕಾನೂನು ಕಲಿತದ್ದು

ಮಳವಳ್ಳಿ ಕಡೆ ಒಂದು ಊರು, ಆ ಊರಲ್ಲಿ ಒಬ್ಬಳು ಕೆಂಪಾಜಮ್ಮ, ಕೆಂಪಾಜಮ್ಮನಿಗೆ ಒಬ್ಬನೇ ಮಗ. ಹೆಸರು ಬೆಟ್ಟಸ್ವಾಮಿ. ಆಳು ನೋಡಿದರೆ ಆರಡಿ, ಮನಸ್ಸು ನೋಡಿದರೆ ಹಾಲು, ಬುದ್ಧಿ ನೋಡೋಣ ಅಂದರೆ ಸಿಕ್ಕಿದರೆ ತಾನೇ! "ಹಾಲು ಉಕ್ಕೋದು ನೋಡ್ಲಾ" ಅಂತ ಹೇಳಿ ಅವ್ವ ನೀರಿಗೆ ಹೋದರೆ, ಇವನು ಒಲೆ ಮುಂದೆ ಕೂತು ಕಣ್ಣು ತುಂಬಾ ನೋಡುತ್ತಿದ್ದ. ಅವ್ವ ಬಂದಾಗ, "ಚೆನ್ನಾಗಿ ಉಕ್ತು ಕಣವ್ವ, ಪೂರ್ತಿ ನೋಡ್ದೆ" ಅನ್ನುತ್ತಿದ್ದ.

ಕೆಂಪಾಜಮ್ಮ ವಿಮೆ ಏಜೆಂಟು. ಗಂಡ ತೀರಿಕೊಂಡ ವರ್ಷ ಕೊಡೆ ಹಿಡಿದು ಹೊರಟವಳು ಮೂವತ್ತು ವರ್ಷ ಊರೂರು ನಡೆದಳು. ಮನುಷ್ಯರಿಗೆ, ಮಳಿಗೆಗೆ, ಮೊಪೆಡ್ಡಿಗೆ, ಎಲ್ಲಕ್ಕೂ ವಿಮೆ ಮಾಡಿಸಿದಳು. ಈಗ ಮಂಡಿ ಕೈಕೊಟ್ಟಿತ್ತು. ಕಂಪನಿಯವರು ಹೇಳಿದರು: "ಏಜೆನ್ಸಿ ಮಗನ ಹೆಸರಿಗೆ ಆಗಬೇಕಾದರೆ ಅವನು ನಾಲ್ಕು ಭಾನುವಾರ ಕಾನೂನು ಪಾಠ ಕೇಳಬೇಕು. ಅಷ್ಟರಲ್ಲಿ ಅವನ ಮೇಲೆ ಮೂರು ದೂರಿನ ಕಾಗದ ಬಂದವೋ, ಏಜೆನ್ಸಿ ಬೇರೆಯವರಿಗೆ."

ಮೂವತ್ತು ವರ್ಷದ ನಡಿಗೆ ಬೇರೆಯವರ ಪಾಲಾಗುತ್ತದಲ್ಲ ಅಂತ ಕೆಂಪಾಜಮ್ಮನಿಗೆ ಚಿಂತೆ. ಮಗನ ತಲೆಗೆ ಎಣ್ಣೆ ಹಚ್ಚಿ, ಕ್ರಾಪು ಬಾಚಿ ಹೇಳಿದಳು: "ಮಗ, ವಕೀಲ್ರು ಏನ್ ಹೇಳ್ತಾರೋ ಹಂಗೇ ಮಾಡು. ಒಂದಕ್ಷರ ಆಚೆ ಈಚೆ ಮಾಡ್ಬ್ಯಾಡ."

"ಆಗ್ಲಿ ಕಣವ್ವ!" ಅಂದ ಬೆಟ್ಟ.

ಪಾಠ ನಡೆಯುತ್ತಿದ್ದದ್ದು ಕಲ್ಯಾಣಮಂಟಪದ ಊಟದ ಮನೆಯಲ್ಲಿ. ಪಾಠ ಹೇಳುವವರು ತಿರುನಾರಾಯಣ ವಕೀಲರು. ಏಜೆಂಟರಿಗೆ ವರ್ಷ ವರ್ಷವೂ ಈ ಪಾಠ ಇದ್ದದ್ದೇ, ಅದರ ರೀತಿಯೂ ಇದ್ದದ್ದೇ. ಬರುವುದು, ಹಾಜರಿಗೆ ಸಹಿ ಹಾಕುವುದು, ಉಪ್ಪಿಟ್ಟು ಕೇಸರಿಭಾತು ತಿನ್ನುವುದು, ಆಮೇಲೆ ಹಿಂದಿನ ಬಾಗಿಲಿಂದ ಜಾರುವುದು. ಜಾರಲಾರದಷ್ಟು ತಿಂದವರು ಅಲ್ಲೇ ಗೋಡೆಗೆ ಒರಗಿ ಗೊರಕೆ ಹೊಡೆಯುವುದು. ವಕೀಲರು ಇಪ್ಪತ್ತು ವರ್ಷದಿಂದ ಗೊರಕೆಗೇ ಪಾಠ ಹೇಳಿಕೊಂಡು ಬಂದಿದ್ದರು. ಈ ಸಲ ಮುಂದಿನ ಸಾಲಿನಲ್ಲಿ ಎರಡು ಕಣ್ಣು ತೆರೆದಿದ್ದವು, ಬೆಟ್ಟನವು. ವಕೀಲರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ಕೇಳಿಸಿಕೊಳ್ಳಯ್ಯಾ! ಒಪ್ಪಂದ ಆಗುವ ಮುಂಚೆ ಗೊತ್ತಿರುವುದನ್ನೆಲ್ಲ ಹೇಳಿಬಿಡಬೇಕು! ಕೇಳಲಿ ಬಿಡಲಿ, ಹೇಳಲೇಬೇಕು! ಕಾಯಿಲೆ ಕಸಾಲೆ ಮುಚ್ಚಿಟ್ಟರೆ ಒಪ್ಪಂದವೇ ಬಿದ್ದುಹೋಗುತ್ತೆ!"

ಮಾರನೇ ದಿನ ಅವ್ವ ಬೆಟ್ಟನನ್ನು ಪುಟ್ಟಮಾದೇಗೌಡರ ಮನೆಗೆ ರಸೀದಿ ಕೊಟ್ಟು ಬಾ ಅಂತ ಕಳಿಸಿದಳು. ಅಲ್ಲಿ ಗೌಡರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ತಟ್ಟೆ ತುಂಬಾ ತಿಂಡಿ, ಬಾಯಿ ತುಂಬಾ ನಗು. ಗಂಡಿನ ಅಪ್ಪ, "ಸರಿ ಗೌಡ್ರೇ, ಒಪ್ಪಂದ ಮಾಡ್ಕಂಡ್ಬುಡವಾ" ಅಂದ.

ಬೆಟ್ಟ ಬೆಚ್ಚಿಬಿದ್ದ. ಒಪ್ಪಂದ ಆಗೇಹೋಗ್ತಾ ಇದೆ, ಯಾರೂ ಏನೂ ಹೇಳಿಲ್ಲ! ಚೀಲದಿಂದ ಗೌಡರ ಮನೆಯ ವಿಮೆ ಫೈಲು ಎಳೆದ.

"ತಡೀರಿ ತಡೀರಿ! ಹುಡ್ಗಿ ತಾತ ಐವತ್ತೆರಡಕ್ಕೇ ಎದೆ ಹಿಡ್ಕೊಂಡು ಹೋದ್ರು! ಅಪ್ಪಂಗೆ ಸಕ್ಕರೆ ಕಾಯ್ಲೆ! ಅವ್ವಂಗೆ ಪಿತ್ತಕೋಶದಲ್ಲಿ ಕಲ್ಲು! ಹುಡ್ಗಿ ಮುಂದಿನ ಹಲ್ಲು ಹುಟ್ಟಿದ್ದಲ್ಲ, ಕಟ್ಟಿಸಿದ್ದು!"

ತಟ್ಟೆ ಕೆಳಗಿಟ್ಟ ಸದ್ದು, ಚಪ್ಪಲಿ ಮೆಟ್ಟಿದ ಸದ್ದು, ಕಾರು ಹೊರಟ ಸದ್ದು. ಪುಟ್ಟಮಾದೇಗೌಡರು ಅವತ್ತೇ ಕಂಪನಿಗೆ ಕಾಗದ ಬರೆದರು. ಅದು ಒಂದನೇ ದೂರು.

"ಅಯ್ಯೋ ನನ್ ಮಗ್ನೇ! ಏನ್ಲಾ ಮಾಡ್ಬುಟ್ಟು ಬಂದೆ?" ಕೆಂಪಾಜಮ್ಮ ಹಣೆ ಚಚ್ಚಿಕೊಂಡಳು.

"ಗೊತ್ತಿದ್ದದ್ದೆಲ್ಲ ಹೇಳ್ದೆ ಕಣವ್ವ. ಒಂದೂ ಮುಚ್ಚಿಡ್ಲಿಲ್ಲ."

"ಅದು ಗಿರಾಕಿ ಕಂಪ್ನಿಗೆ ಹೇಳ್ಬೇಕಾದ್ದು ಕಣ್ಲಾ! ನೀನು ಬೀದೀಲಿ ಸಾರೋದಲ್ಲ! ಗಿರಾಕಿ ವಿಷಯ ನಿನ್ ಗಂಟಲು ದಾಟ್ಬಾರ್ದು! ಯಾರ್ ಕೇಳಿದ್ರೂ ಬಾಯ್ ಬಿಡ್ಬಾರ್ದು!"

ಎರಡನೇ ಭಾನುವಾರ ವಕೀಲರೂ ಅದನ್ನೇ ಹೇಳಿದರು: "ಗಿರಾಕಿಯ ಗುಟ್ಟು ರಟ್ಟು ಮಾಡಬಾರದು. ಪ್ರಾಣ ಹೋದರೂ ಬಾಯಿಗೆ ಬೀಗ!"

"ಆಗ್ಲಿ ಸಾರ್!" ಅಂದ ಬೆಟ್ಟ.

ಬುಧವಾರ ಬೆಟ್ಟ ಕ್ಷೌರದಂಗಡಿಗೆ ಹೋದ. ಪಕ್ಕದ ಕುರ್ಚಿಯಲ್ಲಿ ತೆಂಗಿನ ನಾರಿನ ವ್ಯಾಪಾರದ ಮಾಯಿಗಯ್ಯ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕಣ್ಣು ಮುಚ್ಚಿದ್ದ. ಅವನೂ ಕೆಂಪಾಜಮ್ಮನ ಗಿರಾಕಿಯೇ. ಹೊರಗೆ ಗದ್ದಲ ಕೇಳಿ ಬೆಟ್ಟ ಎದ್ದು ಹೋಗಿ ನೋಡಿದರೆ, ಬೀದಿ ಕೊನೆಯಲ್ಲಿದ್ದ ಮಾಯಿಗಯ್ಯನ ನಾರಿನ ಮಳಿಗೆಯಿಂದ ದಟ್ಟ ಹೊಗೆ! ಬಾಗಿಲಿಗೆ ಬೀಗ! ಜನ ಕೊಡ ಹಿಡಿದು ಕುಣಿಯುತ್ತಿದ್ದಾರೆ.

"ಬೆಟ್ಟ! ಮಾಯಿಗಯ್ಯ ಎಲ್ಲವ್ನೆ ಗೊತ್ತೇನ್ಲಾ?"

"ಗೊತ್ತು."

"ಎಲ್ಲಿ?"

"ಹೇಳಕ್ಕಾಗಲ್ಲ."

"ಯಾಕ್ಲಾ?"

"ಗಿರಾಕಿ ವಿಷಯ."

ಅಂದವನೇ ತಿರುಗಿ ಬಂದು ಕುರ್ಚಿಯಲ್ಲಿ ಕೂತ. ಮಾಯಿಗಯ್ಯ ಸೋಪಿನೊಳಗಿಂದಲೇ ಕೇಳಿದ, "ಏನ್ಲಾ ಅದು ಗಲಾಟೆ?"

ಬೆಟ್ಟ ತುಟಿ ಬಿಗಿದ. "ಅದೂ ಒಬ್ಬ ಗಿರಾಕಿ ವಿಷಯ. ಬಿಟ್ಟಾಕು."

ಕೊನೆಗೆ ಹೊಗೆಯೇ ಬಂದು ಮಾಯಿಗಯ್ಯನ ಮೂಗಿಗೆ ಸುದ್ದಿ ಮುಟ್ಟಿಸಿತು. ಒಂದು ಕಡೆ ಮೀಸೆ, ಒಂದು ಕಡೆ ಸೋಪು ಹೊತ್ತು ಓಡಿದ. ಅರ್ಧ ನಾರು ಬೂದಿಯಾಗಿತ್ತು. ಅವನ ಆಳುಗಳು ಆ ಬೂದಿಯನ್ನೂ ಸಂಜೆಯೊಳಗೆ ಗುಡಿಸಿ ತಿಪ್ಪೆಗೆ ಹಾಕಿಬಿಟ್ಟರು. ಮಾರನೇ ದಿನ ನಷ್ಟ ಅಳೆಯಲು ಕಂಪನಿಯ ಸರ್ವೇಯರ್ ಬಂದರೆ ಅಳೆಯಲು ಏನೂ ಇಲ್ಲ! ಮಾಯಿಗಯ್ಯ ಬರೆದ ಕಾಗದ ಎರಡನೇ ದೂರು.

"ಬಾಯಿಗೆ ಬೀಗ ಹಾಕ್ಕೊಂಡೆ ಕಣವ್ವ. ಅವನಿಗೇ ಹೇಳ್ಲಿಲ್ಲ ನೋಡು!" ಬೆಟ್ಟನಿಗೆ ಹೆಮ್ಮೆ.

ಕೆಂಪಾಜಮ್ಮ ಅವನ ರಟ್ಟೆ ಹಿಡಿದು, ಮಂಡಿ ನೋವಿನಲ್ಲೂ ದರದರನೆ ವಕೀಲರ ಮನೆಗೆ ಎಳೆದುಕೊಂಡು ಹೋದಳು. ವಕೀಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವೋ ಅಳುವೋ ತಿಳಿಯಲಿಲ್ಲ. "ಏನಯ್ಯಾ! ಅಲ್ಲೇ ಇದ್ದೆ! ಆ ಬೂದಿಯನ್ನಾದರೂ ಕಾಯಬಾರದಿತ್ತೇ? ನಷ್ಟವಾದ ಜಾಗದಲ್ಲಿ ಸರ್ವೇಯರ್ ಬಂದು ನೋಡುವ ತನಕ, ಬಿದ್ದದ್ದು ಬಿದ್ದ ಹಾಗೇ ಇರಬೇಕು! ಒಬ್ಬರೂ ಮುಟ್ಟಬಾರದು! ಅಡ್ಡ ನಿಂತಾದರೂ ಕಾಯಬೇಕು!" ಮೂರನೇ ಭಾನುವಾರದ ಪಾಠವೂ ಅದೇ ಆಯಿತು.

"ಆಗ್ಲಿ ಸಾರ್!" ಅಂದ ಬೆಟ್ಟ.

ಶುಕ್ರವಾರ ಮಧ್ಯಾಹ್ನ ಸುಡುಬಿಸಿಲು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಚೌಡಯ್ಯನವರು ಮೊಪೆಡ್ ಮೇಲೆ ಬರುತ್ತಿದ್ದರು. ಕೋಳಿ ಅಡ್ಡ ಬಂತು. ಕೋಳಿ ಉಳಿಯಿತು, ಮೇಷ್ಟ್ರು ಮೊಪೆಡ್ ಸಮೇತ ಕಾಲುವೆಯ ಕೆಸರಿಗೆ. ಜನ ಓಡಿ ಬಂದರು. ಎಲ್ಲರಿಗಿಂತ ಮುಂಚೆ ಓಡಿ ಬಂದವನು ಬೆಟ್ಟ. ಮೇಷ್ಟ್ರ ಮೊಪೆಡ್ಡಿಗೆ ವಿಮೆ ಇದೆ, ಮೇಷ್ಟ್ರಿಗೂ ಇದೆ! ಎರಡು ಕೈ ಚಾಚಿ ಅಡ್ಡ ನಿಂತ.

"ಯಾರೂ ಮುಟ್ಟಬ್ಯಾಡಿ! ಸರ್ವೇಯರ್ ಬರ್ಬೇಕು!"

"ಎತ್ತೋ ಮುಂಡೇದೇ!" ಕೆಸರಿನಿಂದ ಮೇಷ್ಟ್ರು.

"ನೀವು ಬಿದ್ದಂಗೇ ಇರಿ ಮೇಷ್ಟ್ರೇ! ಕಾಲು ಅಲ್ಲಾಡಿಸ್ಬ್ಯಾಡಿ! ನಿಮ್ ಒಳ್ಳೇದಕ್ಕೇ ಹೇಳ್ತಿರೋದು!"

"ಕೈ ಉಳುಕೈತೋ!"

"ಉಳುಕಿದಂಗೇ ಇರ್ಲಿ!"

ಆರಡಿ ಆಳನ್ನು ಸರಿಸುವವರು ಯಾರು? ಮಂಡ್ಯದಿಂದ ಸರ್ವೇಯರ್ ಬರಬೇಕಾದರೆ ಎರಡು ಬಸ್ಸು ಬದಲಿಸಬೇಕು. ಮೇಷ್ಟ್ರ ಬೋಳುತಲೆ ಬಿಸಿಲಿಗೆ ಕೆಂಪಗಾಯಿತು. ಬೆಟ್ಟನಿಗೆ ಅಯ್ಯೋ ಪಾಪ ಅನ್ನಿಸಿತು. ಕಂಕುಳಲ್ಲಿದ್ದ ಅವ್ವನ ಕೊಡೆ ಬಿಚ್ಚಿ, ಮೊಣಕಾಲುದ್ದ ಕೆಸರಿಗೆ ಇಳಿದು, ಮೇಷ್ಟ್ರ ತಲೆಗೆ ನೆರಳು ಹಿಡಿದು ನಿಂತ. ತನ್ನ ತಲೆ ಬಿಸಿಲಿಗೇ ಬಿಟ್ಟಿದ್ದ. ಎರಡು ಗಂಟೆ ಹಾಗೆ ನಿಂತ ಮೇಲೆ ಊರಿನ ಮಹಿಳಾ ಸಂಘದವರು ಹಗ್ಗ ತಂದು, ಮೊದಲು ಬೆಟ್ಟನನ್ನು ಎಳೆದು ದಡಕ್ಕೆ ಹಾಕಿ, ಆಮೇಲೆ ಮೇಷ್ಟ್ರನ್ನು ಎತ್ತಿದರು.

ಕೆಂಪಾಜಮ್ಮ ಈ ಸಲ ಬೈದ ಬೈಗುಳಕ್ಕೆ ಹಟ್ಟಿಯ ಕೋಳಿಗಳೆಲ್ಲ ಗೂಡು ಸೇರಿದವು. "ಬಿದ್ದ ಮನುಷ್ಯ ಅಂದ್ರೆ ಬಿದ್ದ ತಗಡೇನ್ಲಾ? ಬೂದೀನೂ ಮೇಷ್ಟ್ರೂ ಒಂದೇನ್ಲಾ? ಸಾಮಾನು ಹೋದ್ರೆ ಇನ್ನೊಂದು ಬತ್ತದೆ, ಜನ ಹೋದ್ರೆ ಬಂದಾರೇನ್ಲಾ? ನಿಜವಾದ ನಷ್ಟ ಯಾವ್ದು ಅಂತ ಮೊದ್ಲು ತಿಳ್ಕೊ!" ಬೈದು ಬೈದು ಸೆರಗಲ್ಲಿ ಕಣ್ಣೊರೆಸಿಕೊಂಡಳು. ಮೂರನೇ ಕಾಗದ ಬಂದೇ ಬರುತ್ತದೆ, ಏಜೆನ್ಸಿ ಹೋದ ಹಾಗೇ ಅಂತ ಅವಳಿಗೆ ಖಾತ್ರಿಯಾಗಿತ್ತು. ಅವ್ವ ಅತ್ತದ್ದು ನೋಡಿ ಬೆಟ್ಟ ರಾತ್ರಿಯ ಮುದ್ದೆ ಮುಟ್ಟಲಿಲ್ಲ.

ನಾಲ್ಕನೇ ಭಾನುವಾರ ವಕೀಲರು ಕೊನೆಯ ಪಾಠ ಹೇಳಿದರು. "ಯಾವುದು ಹೋದರೆ ನಿನಗೆ ನಿಜವಾಗಿ ನಷ್ಟವೋ, ಅದಕ್ಕೆ ಮಾತ್ರ ನೀನು ವಿಮೆ ಮಾಡಿಸಬಹುದು. ಪಕ್ಕದ ಮನೆ ಎಮ್ಮೆಗೆ ಮಾಡಿಸುವ ಹಾಗಿಲ್ಲ. ಅದು ಸತ್ತರೆ ನಿನಗೇನಯ್ಯಾ?"

"ಹಾಲು ಅವ್ರ ಮನೇದೇ ಸಾರ್ ನಮಗೆ."

"ಆದರೂ ಇಲ್ಲ!"

ಮಧ್ಯಾಹ್ನ ಏಜೆನ್ಸಿ ತೀರ್ಮಾನಕ್ಕೆ ಮೈಸೂರಿನಿಂದ ಕಂಪನಿಯ ಅಧಿಕಾರಿ ವಾಗೀಶ್ ಅಲ್ಲಿಗೇ ಬಂದರು. ಕೆಂಪಾಜಮ್ಮ ಕೋಲೂರಿಕೊಂಡು ಬಂದು ಮೂಲೆಯ ಕುರ್ಚಿಯಲ್ಲಿ ಕೂತಳು. ಮೇಜಿನ ಮೇಲೆ ಎರಡು ದೂರಿನ ಕಾಗದ. ಅಷ್ಟರಲ್ಲಿ ಬಾಗಿಲಲ್ಲಿ ಚೌಡಯ್ಯ ಮೇಷ್ಟ್ರು! ಬಲಗೈಗೆ ಬಿಳಿ ಪಟ್ಟಿ.

"ಮೂರನೇ ದೂರು ನನ್ನದು ಸಾರ್!"

"ಬರೆದು ಕೊಡಿ," ಅಂದರು ವಾಗೀಶ್.

"ಬಲಗೈ ನೋಡಿ ಸಾರ್! ಬಾಯಲ್ಲಿ ಹೇಳ್ತೀನಿ."

"ಬಾಯಿಮಾತು ನಡೆಯಲ್ಲ. ಕಾಗದ ಬೇಕು."

"ಯಾರಾದರೂ ಬರ್ಕೊಡ್ರೋ!" ಮೇಷ್ಟ್ರು ಸುತ್ತ ನೋಡಿದರು. ಏಜೆಂಟರೆಲ್ಲ ಉಪ್ಪಿಟ್ಟಿನ ನಿದ್ದೆಯಲ್ಲಿದ್ದರು. ಬೆಟ್ಟ ಒಬ್ಬನೇ ಎದ್ದು ನಿಂತ.

"ನಾನು ಬರ್ಕೊಡ್ತೀನಿ ಹೇಳಿ ಮೇಷ್ಟ್ರೇ! ಕೈ ನೋಯಿಸ್ಕೋಬ್ಯಾಡಿ!"

ಕೆಂಪಾಜಮ್ಮ ಕೂತಲ್ಲಿಂದಲೇ ಕೋಲು ಚಾಚಿ ಅವನ ಕಾಲಿಗೆ ತಿವಿದಳು. ಅವನಿಗೆ ಗೊತ್ತೇ ಆಗಲಿಲ್ಲ. ಹಾಳೆ ತೆಗೆದು, ಪೆನ್ನು ನೆಕ್ಕಿ, ದುಂಡಗೆ ಬರೆಯತೊಡಗಿದ: "ಬೆಟ್ಟಸ್ವಾಮಿ ಎಂಬ ಪೆದ್ದನು..." ಆಮೇಲೆ ತಲೆಯೆತ್ತಿ ಕೇಳಿದ, "ಪೆದ್ದ ಸಾಕಾ ಮೇಷ್ಟ್ರೇ, ಇನ್ನೂ ಏನಾರ ಸೇರಿಸ್ಲಾ?"

ಚೌಡಯ್ಯ ಮೇಷ್ಟ್ರಿಗೆ ಕೋಪ ಇತ್ತು, ನಿಜ. ಆದರೆ ಆ ಮುಖ ನೋಡುತ್ತಾ ನೋಡುತ್ತಾ ಹೊಟ್ಟೆಯಿಂದ ನಗು ಎದ್ದುಬಂತು. "ಇವನ ಮೇಲೆ ಇವನ ಕೈಯಲ್ಲೇ ದೂರು ಬರೆಸಲಾ? ಹರಿದಾಕೋ ಅದನ್ನ! ಎರಡು ಗಂಟೆ ತಾನು ಬಿಸಿಲಲ್ಲಿ ನಿಂತು ನನಗೆ ಕೊಡೆ ಹಿಡ್ದವ್ನೆ ಸಾರ್. ನನ್ನ ಮಗನೂ ಹಿಡೀಲಿಲ್ಲ ಹಂಗೆ." ದೂರು ಎರಡಕ್ಕೇ ನಿಂತಿತು.

ವಕೀಲರೂ ಎದ್ದರು. "ಸಾರ್, ಇಪ್ಪತ್ತು ವರ್ಷದಲ್ಲಿ ನನ್ನ ಪಾಠ ಎಚ್ಚರವಾಗಿ ಕೇಳಿದವನು ಇವನೊಬ್ಬ. ಹೇಳಿದ್ದನ್ನು ಮಾಡಿದವನೂ ಇವನೊಬ್ಬನೇ. ತಪ್ಪು ನಾನು ಹೇಳಿದ್ದರಲ್ಲೇ ಇರಬೇಕು."

ವಾಗೀಶ್ ಮೀಸೆಯಡಿಯಲ್ಲಿ ನಗುತ್ತಾ ಒಂದು ಖಾಲಿ ಅರ್ಜಿ ಕೊಟ್ಟರು. "ಇವತ್ತಿನ ಪಾಠದಿಂದ ಒಂದೇ ಪರೀಕ್ಷೆ. ಯಾವುದು ಹೋದರೆ ನಿನಗೆ ನಷ್ಟವೋ ಅದನ್ನು ತುಂಬಿ ಕೊಡು."

ಬೆಟ್ಟ ಯೋಚಿಸಿದ. ಎಮ್ಮೆ ಬೇಡ ಅಂದಿದ್ದಾರೆ. ಕೊನೆಗೆ ಬರೆದು ಕೊಟ್ಟ. ವಾಗೀಶ್ ಓದಿದರು: "ವಿಮೆ ಮಾಡಿಸಬೇಕಾದದ್ದು: ನಮ್ಮವ್ವನ ಬೈಗುಳ."

"ಇದು ಹೋದರೆ ನಿನಗೇನಪ್ಪ ನಷ್ಟ?"

"ಅವ್ವ ಬೈದ್ರೇನೇ ಸಾರ್ ನಾಳೆ ಏನು ಮಾಡ್ಬೇಕು ಅಂತ ನಂಗೆ ಗೊತ್ತಾಗೋದು. ಬೈಯೋದು ನಿಲ್ಸಿದ್ರೆ ನಾನು ನಿಂತಲ್ಲೇ ನಿಂತ್ಕೊಂಡ್ಬುಡ್ತೀನಿ."

ವಾಗೀಶ್ ಆ ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಆಮೇಲೆ ಏಜೆನ್ಸಿ ಕಾಗದಕ್ಕೆ ದಪ್ಪನೆ ಸಹಿ ಹಾಕಿ, ಸೀಲು ಒತ್ತಿ, ಅವನ ಕೈಗಿಟ್ಟರು. ಹೊರಡುವಾಗ ಅವನ ಬೆನ್ನು ತಟ್ಟಿದರು. "ಇನ್ನೊಂದು ಮಾತು ನೆನಪಿಟ್ಟುಕೋ. ನಷ್ಟ ಆದ ಕೂಡಲೇ, ಒಂದು ನಿಮಿಷವೂ ತಡ ಮಾಡದೆ ಕಂಪನಿಗೆ ತಿಳಿಸಬೇಕು."

"ಆಗ್ಲಿ ಸಾರ್!" ಅಂದ ಬೆಟ್ಟ.

ವಾಗೀಶ್ ಮೈಸೂರು ಬಸ್ಸು ಹತ್ತಿದರು. ಬೆಟ್ಟ ಕಾಗದ ತಂದು ಅವ್ವನ ಮಡಿಲಿಗಿಟ್ಟ. ಕೆಂಪಾಜಮ್ಮ ಕಾಗದ ನೋಡಿದಳು, ಮಗನನ್ನು ನೋಡಿದಳು, ಸೀಲಿನ ಮೇಲೆ ಬೆರಳಾಡಿಸಿದಳು. ಮೂವತ್ತು ವರ್ಷದ ನಡಿಗೆ ಮನೆಯಲ್ಲೇ ಉಳಿಯಿತು. ಸಂತೋಷಕ್ಕೆ ಬಾಯಿ ತೆರೆದರೂ ಮಾತು ಹೊರಡಲಿಲ್ಲ.

"ಅವ್ವ?" ಅಂದ ಬೆಟ್ಟ. ಮಾತಿಲ್ಲ.

"ಅವ್ವ, ಒಸಿ ಬೈಯವ್ವ!" ಮಾತಿಲ್ಲ. ಕಣ್ಣಲ್ಲಿ ನೀರು ಬೇರೆ.

ಬೈಗುಳ ನಿಂತೇಹೋಯಿತಲ್ಲ ಅಂತ ಬೆಟ್ಟ ಹೌಹಾರಿದ. ಪಂಚೆ ಮೇಲೆ ಕಟ್ಟಿ, ಬಸ್ಸಿನ ಹಿಂದೆ ಬಿದ್ದ. "ನಿಲ್ಸಿ! ನಿಲ್ಸಿ! ಸಾರ್, ನಷ್ಟ ಆಗೋಯ್ತು!" ಊರು ದಾಟಿ, ಸೇತುವೆ ದಾಟಿ, ಕೊನೆಗೆ ಬಸ್ಸನ್ನೇ ದಾಟಿ, ಅದರ ಮುಂದೆ ಕೈ ಚಾಚಿ ನಿಂತ. ವಾಗೀಶ್ ಗಾಬರಿಯಾಗಿ ಇಳಿದರು. ಚಾಲಕ, ಕಂಡಕ್ಟರ್, ಕೋಳಿ ಬುಟ್ಟಿಯವರು, ಐವತ್ತು ಜನ ಪ್ರಯಾಣಿಕರು, ಎಲ್ಲರೂ ಅವನ ಹಿಂದೆ ಕಲ್ಯಾಣಮಂಟಪಕ್ಕೆ ಓಡಿ ಬಂದರು.

ಕೆಂಪಾಜಮ್ಮ ಅಷ್ಟು ಜನರನ್ನು ನೋಡಿದಳು, ನಿಂತುಹೋದ ಬಸ್ಸಿನ ಕತೆ ಕೇಳಿದಳು. ಕೋಲು ಎತ್ತಿದಳು.

"ಲೇ ಮುಠ್ಠಾಳ! ಅವ್ವ ಖುಷಿಗೆ ಅತ್ರೆ ಬಸ್ಸು ನಿಲ್ಸ್ತಾರೇನ್ಲಾ? ನಿನ್ ತಲೇಲಿ ಇರೋದು ಮಿದುಳೋ ಮುದ್ದೆಯೋ! ಹೆತ್ತ ಹೊಟ್ಟೆ ಉರೀತದಲ್ಲೋ ದಡ್ಡ ಮುಂಡೇದೇ!"

ಬೆಟ್ಟ ಆನಂದದಿಂದ ಎರಡೂ ಕೈ ಮುಗಿದ. "ಪರಿಹಾರ ಸಿಕ್ತು ಸಾರ್, ಪೂರ್ತಿ ಸಿಕ್ತು! ನೀವಿನ್ನು ಹೊರಡಿ!"

ಬಸ್ಸು ಮೈಸೂರು ಸೇರುವ ಹೊತ್ತಿಗೆ ಮೂರು ಗಂಟೆ ತಡವಾಗಿತ್ತು. ಅದರಲ್ಲಿದ್ದವರೆಲ್ಲ ನಗುತ್ತಲೇ ಇಳಿದರಂತೆ. ನಗು ನಿಲ್ಲದ ಒಬ್ಬರು ನನಗೆ ಹೇಳಿದರು, ನಾನು ನಿಮಗೆ ಹೇಳಿದೆ.